ಯಾರ ಹಿಂದೆ ಯಾರು

"ರಾತ್ರಿ ಎರಡರ ತನಕ ಲೈಟ್ ಹತ್ತಿತ್ತಲ್ರೀ, ಏನ್ ಕಥಿ?" ಪಕ್ಕದ ಬಾಲ್ಕನಿಯಿಂದ ಧಾರವಾಡದ ಅಕ್ಕ ಕೇಳಿದರು. ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ನಮಗೆ ಬೇಲಿ ಅಂದರೆ ಎರಡು ಬಾಲ್ಕನಿಗಳ ನಡುವಿನ ಈ ಕಬ್ಬಿಣದ ಜಾಲರಿ. ಅವರ ತುಳಸಿ ಆ ಕಡೆ, ನನ್ನ ಟವೆಲ್ ಈ ಕಡೆ, ಎಸ್.ಜಿ. ಹೈವೇಯ ಹಾರ್ನು ಇಬ್ಬರಿಗೂ ಸಮಪಾಲು.

ಮಿಡ್ಲ್‌ವೇರ್ ಅಂತ ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡೆ. ಬಿಡಿಸಿ ಹೇಳದೆ ವಿಧಿಯಿಲ್ಲ.

"ಗೇಟಿನ ಕಾಕಾ ಇದಾರಲ್ಲ, ಅಕ್ಕಾ. ಬಂದವರ ಮನೆ ನಂಬರು ರಿಜಿಸ್ಟರಿನಲ್ಲಿ ಬರೆಸ್ಕೋತಾರೆ, ಆಮೇಲೆ ಇಂಟರ್‌ಕಾಮು, ಆಮೇಲೆ ಲಿಫ್ಟು. ಸಾಫ್ಟ್‌ವೇರಿಗೆ ಬರೋ ಪ್ರತಿ ರಿಕ್ವೆಸ್ಟಿಗೂ ಹಿಂಗೇ ಸಾಲು ಬಾಗಿಲು. ವಾಪಸ್ ಹೋಗುವಾಗ ಅವೇ ಬಾಗಿಲು, ಹಿಂದುಮುಂದಾಗಿ."

ಅಕ್ಕನಿಗೆ ಥಟ್ಟನೆ ಹೊಳೆಯಿತು. ಕಾಕಾ ಊರಿಗೆ ಹೋಗಿ ವಾರವಾಗಿದೆ. ಬದಲಿಗೆ ಬಂದ ಹುಡುಗ ರಿಜಿಸ್ಟರ್ ಮುಟ್ಟದೆ ಮೊದಲು ಇಂಟರ್‌ಕಾಮ್ ಎತ್ತಿ, ಯಾವ ಮನೆಗೆ ಒತ್ತಬೇಕೋ ತಿಳಿಯದೆ, ಹುಬ್ಬಳ್ಳಿಯಿಂದ ಬಂದ ಅವರ ತಮ್ಮನನ್ನು ಬಿಸಿಲಲ್ಲಿ ಅರ್ಧ ಗಂಟೆ ನಿಲ್ಲಿಸಿದ್ದ. ತಮ್ಮನಿಗೆ ಗುಜರಾತಿ ಬಾರದು, ಹುಡುಗನಿಗೆ ಗುಜರಾತಿ ಬಿಟ್ಟು ಇನ್ನೊಂದು ಬಾರದು.

2005ರಿಂದ ಇರುವ ಜ್ಯಾಂಗೋ ಅನ್ನೋ ವೆಬ್ ಫ್ರೇಮ್‌ವರ್ಕಿನಲ್ಲಿ ಈ ಬಾಗಿಲುಗಳ ಪಟ್ಟಿ ಕಣ್ಣೆದುರಿಗೇ ಇರುತ್ತೆ. ಮೇಲಿಂದ ಕೆಳಕ್ಕೆ ಓದಿದರೆ ಒಳಬರುವ ದಾರಿ, ಕೆಳಗಿಂದ ಮೇಲಕ್ಕೆ ಹೊರಹೋಗುವ ದಾರಿ. ಸೆಷನ್ ಮೇಲೆ, ಬಂದವರು ಯಾರು ಅಂತ ಗುರುತಿಸೋದು ಅದರ ಕೆಳಗೆ. ತಿರುಗಿಸಿ ಇಟ್ಟರೆ ಆ ಹುಡುಗನ ಪಾಡೇ.

ನನ್ನ ನಿದ್ದೆಗೆಡಿಸಿದ್ದು 2018ರಲ್ಲಿ ಹುಟ್ಟಿದ ಇನ್ನೊಂದು ಫ್ರೇಮ್‌ವರ್ಕ್, ಫಾಸ್ಟ್‌ಎಪಿಐ. ಅಲ್ಲಿ ಕೊನೆಗೆ ಸೇರಿಸಿದ್ದೇ ಎಲ್ಲಕ್ಕಿಂತ ಹೊರಗಿನ ಬಾಗಿಲು, ಒಳಬರುವವರಿಗೆ ಮೊದಲು ಸಿಗೋದು ಅದೇ. ನನ್ನದೋ ಜ್ಯಾಂಗೋಗೆ ಪಳಗಿದ ಕೈ. ರಿಕ್ವೆಸ್ಟಿಗೆ ನಂಬರ್ ಕೊಡುವ ಸಾಲನ್ನು ಮೇಲೆ ಬರೆದೆ, ಆ ನಂಬರ್ ಹಾಕಿ ಲಾಗ್ ಬರೆಯುವುದನ್ನು ಕೆಳಗೆ. ಲಾಗ್ ಮೊದಲು ಓಡಿತು. ನಂಬರ್ ಇರಬೇಕಾದ ಕಡೆ ಪುಟಗಟ್ಟಲೆ ಬರೀ ಅಡ್ಡಗೆರೆ. ಎರಡು ಸಾಲು ಅದಲುಬದಲು ಮಾಡೋದು ಹೊಳೆಯೋಕೆ ರಾತ್ರಿ ಎರಡಾಯ್ತು.

"ಈಗರ ಬರದಿಟ್ರಿಲ್ರೀ?"

ಬರೆದಿಟ್ಟೆ. ಬರೀ ಒಂದು, ಎರಡು, ಮೂರು ಅಂತಲ್ಲ. ಕ್ರಮವಷ್ಟೇ ಬೇಕಿದ್ದರೆ ಮತ್ತೊಂದು ಫ್ರೇಮ್‌ವರ್ಕ್ ಆದ ರೈಲ್ಸ್‌ನಲ್ಲಿ ಒಂದು ಕಮಾಂಡ್ ಕೊಟ್ಟರೆ ಅದೇ ಸಾಲಾಗಿ ತೋರಿಸುತ್ತೆ. ಇವನ ಹಿಂದೆ ಇವನು ಯಾಕೆ ಅನ್ನೋದು ಮಾತ್ರ ಕಾಕಾ ತಲೆಯಲ್ಲಿರುತ್ತೆ, ಕಾಕಾ ಊರಿಗೆ ಹೋಗ್ತಾರೆ. ಅದಕ್ಕೇ ಎಲ್ಲೋ ಬೇರೆ ಫೈಲಿನಲ್ಲಿ ಬರೆಯದೆ, ಆ ಎರಡು ಸಾಲಿನ ನೆತ್ತಿಯ ಮೇಲೇ ಬರೆದೆ: 'ಕೆಳಗಿನದು ಮೊದಲು ಓಡುತ್ತದೆ. ನಂಬರ್ ಇಲ್ಲದೆ ಲಾಗ್‌ಗೆ ಬೆಲೆಯಿಲ್ಲ, ಆದ್ದರಿಂದ ನಂಬರ್ ಕೆಳಗೆ.'

"ಬರದದ್ದು ಯಾರು ಓದ್ತಾರ್ರೀ? ಗೇಟಿನಾಗ ಬೋರ್ಡ್ ಐತಿ. ಆ ಹುಡುಗ ಅದರ ಮ್ಯಾಲೆ ಅಂಗಿ ತೂಗಹಾಕ್ಯಾನ."

ಕ್ರಮ ತಪ್ಪಿದರೆ ಕೆಂಪಗಾಗುವ ಟೆಸ್ಟ್ ಒಂದನ್ನೂ ಬರೆದಿದ್ದೀನಿ ಅಂತ ಹೇಳಬೇಕು ಅನ್ನುವಷ್ಟರಲ್ಲಿ ಅವರ ಮನೆಯ ಇಂಟರ್‌ಕಾಮ್ ಬಡಿದುಕೊಂಡಿತು. ಒಳಗೆ ಹೋಗಿ ಬಂದರು.

"ಪಾರ್ಸಲ್ ಅಂತ್ರೀ. ನಿಮ್ಮದು."