ಸದ್ದು ಕೇಳಿಸ್ತಾ?

ಗೃಹಪ್ರವೇಶದ ಊಟ. ಎಲೆಯ ಮೇಲೆ ಹೋಳಿಗೆ ಬಿದ್ದಿತ್ತು, ಹೋಳಿಗೆಯ ಮೇಲೆ ತುಪ್ಪವೂ ಬಿದ್ದಿತ್ತು. ಪಕ್ಕದಲ್ಲಿ ಕೂತಿದ್ದ ನಮ್ಮ ಷಡ್ಡಕ ಮೊದಲ ತುಂಡನ್ನು ಬಾಯಿಯ ಹತ್ತಿರ ಒಯ್ದವನು ಅಲ್ಲೇ ನಿಲ್ಲಿಸಿಬಿಟ್ಟ. ಎಡಗೈಯ ತೋರುಬೆರಳು ಮೇಲೆದ್ದಿತು.

‘ಶ್... ಸದ್ದು ಕೇಳಿಸ್ತಾ?’

ನನಗೆ ಕೇಳಿಸಿದ್ದು ‘ಪಲ್ಯ, ಪಲ್ಯ’ ಅನ್ನುತ್ತ ಬರುತ್ತಿದ್ದವನ ದನಿ ಮಾತ್ರ.

‘ಟಕ್ ಟಕ್ ಅಂತ. ಹಿಂದೆ, ಎಡಗಡೆ.’

ಅವನ ಕಾರು ಆ ಹೊತ್ತಿಗೆ ಅಲ್ಲಿಂದ ಹನ್ನೊಂದು ಕಿಲೋಮೀಟರ್ ಆಚೆ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ, ಎರಡು ಹೊದಿಕೆ ಹೊದ್ದು ಮಲಗಿತ್ತು.

ನನ್ನ ನಾದಿನಿಯ ಗಂಡ ಇವನು. ಪೀಣ್ಯದಲ್ಲಿ ಒಂದು ಸಣ್ಣ ವರ್ಕ್‌ಶಾಪು: ನಾಲ್ಕು ಲೇತು, ಎರಡು ಸಿಎನ್‌ಸಿ, ಹದಿನಾಲ್ಕು ಜನ. ಬುಷ್ಷು, ಸ್ಪೇಸರು, ಪಿನ್ನು ಮಾಡಿ ದೊಡ್ಡ ಕಂಪನಿಗಳಿಗೆ ಕೊಡುತ್ತಾನೆ. ಒಂದು ಬುಷ್ಷಿನ ಮೇಲೆ ನಲವತ್ತು ಪೈಸೆ ಗಿಟ್ಟಿಸುವುದಕ್ಕೆ ಅರ್ಧ ದಿನ ಮಾತಾಡಬಲ್ಲ. ಕೊತ್ತಂಬರಿ ಕಟ್ಟಿಗೆ ಹೇಳಿದ ರೇಟನ್ನು ಇವತ್ತಿನವರೆಗೆ ಕೊಟ್ಟವನಲ್ಲ. ಇಂಥವನು ಮಗಳ ಮದುವೆ ಮುಗಿಸಿ, ಸಾಲ ತೀರಿಸಿ, ಐವತ್ತು ದಾಟಿದ ಮೇಲೆ ಒಂದು ಇಟಲಿಯ ಸೂಪರ್ ಕಾರು ತಂದ. ಸೆಕೆಂಡ್ ಹ್ಯಾಂಡು. ಅರಿಶಿನದ ಹಳದಿ. ಯಾವ ಕಂಪನಿಯದೆಂದು ಹೇಳುವುದಿಲ್ಲ. ಮೂತಿಯ ಮೇಲೆ ನಾಲ್ಕು ಕಾಲಿನ ಪ್ರಾಣಿಯೊಂದಿದೆ ಅಂದರೆ ಸಾಕು, ಮುಂದೆ ಬರುವುದರಲ್ಲಿ ಆ ಪ್ರಾಣಿಯ ತಪ್ಪೇನೂ ಇಲ್ಲ.

ಇಂಥವರು ಈಗ ಬೆಂಗಳೂರಿನಲ್ಲಿ ಒಬ್ಬಿಬ್ಬರಲ್ಲ. ಗುರುತು ಹಿಡಿಯುವುದೂ ಸುಲಭ. ಹೊಸ ಸೂಪರ್ ಕಾರು ಕೊಂಡವನು ವೇಗದ ಮಾತಾಡುತ್ತಾನೆ, ಹಳೆಯದನ್ನು ಕೊಂಡವನು ಸರ್ವಿಸ್ ರೆಕಾರ್ಡಿನ ಮಾತಾಡುತ್ತಾನೆ.

‘ಹೊಸದರ ಅರ್ಧ ರೇಟೂ ಬೀಳಲಿಲ್ಲ ಕಣಯ್ಯಾ!’ ಅಂತ ಕಾರು ತಂದ ದಿನ ಮೂರು ಸಲ ಹೇಳಿದ. ‘ಹದಿನಾಲ್ಕು ವರ್ಷಕ್ಕೆ ಬರೀ ಹದಿನಾರು ಸಾವಿರ ಕಿಲೋಮೀಟರ್ ಓಡಿದೆ.’ ಹಾಗಾದರೆ ಅದು ಓಡಿದ್ದಕ್ಕಿಂತ ನಿಂತದ್ದೇ ಜಾಸ್ತಿಯಾಯಿತಲ್ಲ ಎಂದೆ. ರಬ್ಬರು, ಪೈಪು, ಸೀಲುಗಳಿಗೆ ಓಡಿದರೂ ವಯಸ್ಸಾಗುತ್ತದೆ, ನಿಂತರೂ ಆಗುತ್ತದೆ. ಇದನ್ನು ನನಗೆ ಕಲಿಸಿಕೊಟ್ಟವನೂ ಅವನೇ. ಆ ದಿನ ಮಾತ್ರ ಮರೆತಿದ್ದ.

ಅವನು ಮರೆತ ಇನ್ನೊಂದು ಸಂಗತಿಯಿತ್ತು. ಕಾರಿಗೆ ವಯಸ್ಸಾದಂತೆ ಬೆಲೆ ಇಳಿಯುತ್ತದೆ ಸರಿ, ಆದರೆ ಈ ಸುದ್ದಿಯನ್ನು ಅದರ ಬಿಡಿಭಾಗಗಳಿಗೆ ಯಾರೂ ಮುಟ್ಟಿಸಿರುವುದಿಲ್ಲ. ಅವು ಇನ್ನೂ ಶೋರೂಮಿನ ದೀಪದ ಕೆಳಗೆ ನಿಂತ ಕೋಟಿಗಟ್ಟಲೆ ಕಾರಿನ ಬಿಡಿಭಾಗಗಳೆಂದೇ ತಿಳಿದುಕೊಂಡು, ಆ ಠೀವಿಯಲ್ಲೇ ಬಿಲ್ಲಿನ ಮೇಲೆ ಬಂದು ಕೂರುತ್ತವೆ.

ಮೊದಲ ಬಿಲ್ಲು ಬಂದ ರಾತ್ರಿ ಅವನು ಫೋನು ಮಾಡಿ ತನ್ನ ಕಾರಿನ ವಿಷಯ ಎತ್ತಲೇ ಇಲ್ಲ, ಬೇರೆಯವರದು ಹೇಳಿದ. ‘ಫೆರಾರಿ ಎಫ್355 ಅಂತಿತ್ತು, 1990ರ ದಶಕದ್ದು. ಟೈಮಿಂಗ್ ಬೆಲ್ಟ್ ಬದಲಾಯಿಸಬೇಕು ಅಂದ್ರೆ ಇಡೀ ಎಂಜಿನ್ ಕೆಳಗಿಳಿಸಬೇಕು! ಅದೂ ನಾಲ್ಕೈದು ವರ್ಷಕ್ಕೊಂದ್ಸಲ, ಓಡಿಸಿದ್ರೂ ಅಷ್ಟೆ, ಓಡಿಸದಿದ್ರೂ ಅಷ್ಟೆ. ಬುಗಾಟಿ ವೇರಾನ್ ಇದೆಯಲ್ಲ, ಅದರ ಆಯಿಲ್ ಇಳಿಸೋಕೆ 16 ಡ್ರೈನ್ ಪ್ಲಗ್ ಬಿಚ್ಚಬೇಕಂತೆ. ಒಂದು ಸಲಕ್ಕೆ 20,000 ಡಾಲರ್ ಮೇಲೆ.’ ದನಿಯಲ್ಲಿ ಒಂದು ಬಗೆಯ ಸಮಾಧಾನವಿತ್ತು. ಪಕ್ಕದವನ ಮನೆ ಪೂರ್ತಿ ಕುಸಿದಿದೆ ಅಂತ ಗೊತ್ತಾದಾಗ ನಮ್ಮ ಸೂರು ಸೋರುವುದು ಅಷ್ಟಾಗಿ ಬಾಧಿಸುವುದಿಲ್ಲ.

ಅವನ ಕಾರಿನ ತಾಪತ್ರಯವೆಂದರೆ ಕ್ಲಚ್ಚು. ಕಾಲಿನ ಕೆಳಗೆ ಕ್ಲಚ್ ಪೆಡಲ್ ಇಲ್ಲ, ಆದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಇದೆ, ಅದನ್ನು ಒತ್ತುವುದೂ ಬಿಡುವುದೂ ಕಂಪ್ಯೂಟರು. ಖಾಲಿ ರಸ್ತೆಯಲ್ಲಿ ಈ ಏರ್ಪಾಟು ಬಹಳ ಚೆನ್ನ. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಮೂರು ಅಡಿ ಮುಂದೆ, ಸ್ವಲ್ಪ ನಿಲ್ಲು, ಮತ್ತೆ ಎರಡಡಿ ಮುಂದೆ ಅನ್ನುವಾಗ ಆ ಇಟಾಲಿಯನ್ ಕಂಪ್ಯೂಟರ್ ಹಾಫ್ ಕ್ಲಚ್ಚಿನಲ್ಲೇ ಜೀವ ಸವೆಸುತ್ತದೆ. ಎಷ್ಟು ಸವೆಯಿತೆಂಬುದನ್ನು ಲ್ಯಾಪ್‌ಟಾಪ್ ಚುಚ್ಚಿ ಶೇಕಡಾವಾರು ಓದಬಹುದು. ಆದ್ದರಿಂದ ಈಗ ಅವನನ್ನು ಚೆನ್ನಾಗಿದ್ದೀಯಾ ಎಂದು ಕೇಳಿದರೆ, ಬೇರೆಯವರು ಬಿಪಿ, ಶುಗರ್ ಹೇಳುವ ಹಾಗೆ, ‘ಪರವಾಗಿಲ್ಲ, ಅರವತ್ತೊಂದಿದೆ’ ಅನ್ನುತ್ತಾನೆ.

ಕ್ಲಚ್ಚಿನ ಸಂಕಟಕ್ಕೆ ಈ ಕಾರುಗಳ ಲೋಕದಲ್ಲಿ ದೊಡ್ಡ ವಂಶಾವಳಿಯೇ ಇದೆ. ಫೆರುಚ್ಚೊ ಲಂಬೋರ್ಗಿನಿ ಟ್ರ್ಯಾಕ್ಟರ್ ಮಾಡಿ ದುಡ್ಡು ಮಾಡಿದವನು. ತನ್ನ ಫೆರಾರಿಯ ಕ್ಲಚ್ ಮತ್ತೆ ಮತ್ತೆ ಕೈಕೊಟ್ಟಾಗ ಬಿಚ್ಚಿ ನೋಡಿದನಂತೆ, ಅದು ತನ್ನ ಟ್ರ್ಯಾಕ್ಟರಿಗೆ ಹಾಕುವ ಕ್ಲಚ್ಚೇ ಆಗಿತ್ತಂತೆ. ದೂರು ಹೇಳಲು ಹೋದವನಿಗೆ ಎಂಜೊ ಫೆರಾರಿ ನೀನು ಟ್ರ್ಯಾಕ್ಟರೇ ಓಡಿಸು ಅಂದನಂತೆ. ಆ ಸಿಟ್ಟಿಗೆ 1963ರಲ್ಲಿ ಸ್ವಂತ ಕಾರು ಕಂಪನಿಯನ್ನೇ ಶುರು ಮಾಡಿದ ಅನ್ನುತ್ತಾರೆ. ಕಂಪನಿ ಶುರುವಾದದ್ದಂತೂ ನಿಜ, ಉಳಿದದ್ದು ಹೇಳುವವರ ಬಾಯಲ್ಲಿ ಬೆಳೆದ ಕಥೆ. ನಮ್ಮ ಷಡ್ಡಕನಿಗೆ ಮಾತ್ರ ಅದು ಪುರಾಣದಷ್ಟು ಸತ್ಯ. ‘ನೋಡು, ಒಂದೇ ಪಾರ್ಟು, ಬೇರೆ ಡಬ್ಬ’ ಅನ್ನುತ್ತಾನೆ. ಕೈಯಲ್ಲಿ ಇನ್ನೂ ಸಾಕ್ಷಿಗಳಿವೆ: 1999ರ ಲಂಬೋರ್ಗಿನಿ ಡಿಯಾಬ್ಲೊಗೆ ಹೆಡ್‌ಲೈಟು ನಿಸ್ಸಾನಿನದು, ಮೆಕ್‌ಲಾರೆನ್ ಎಫ್1ರ ಹಿಂದಿನ ದೀಪ ಬಸ್ಸಿನದು. ಬಸ್ಸಿನದು ಅಂದಾಗ ಒಮ್ಮೆ ನಮ್ಮ ಬಿಎಂಟಿಸಿಯ ಹಿಂಭಾಗವನ್ನೂ ಆಸೆಯಿಂದ ನೋಡಿದ್ದುಂಟು.

ಇನ್ನು ವಾರಂಟಿ. ಕಾರಿನ ಜೊತೆ ದುಡ್ಡು ಕೊಟ್ಟು ಎರಡು ವರ್ಷದ ವಾರಂಟಿ ತಗೊಂಡಿದ್ದ. ಅದರ ಕಾಗದಗಳನ್ನು ಸ್ಪೈರಲ್ ಬೈಂಡ್ ಮಾಡಿಸಿ ದೇವರಮನೆಯ ಕಪಾಟಿನಲ್ಲಿ ಇಟ್ಟಿದ್ದಾನೆ. ಸಾಲುಗಳ ಕೆಳಗೆ ಮೂರು ಬಣ್ಣದ ಗೀಟು. ಒಂದು ಭಾನುವಾರ ಕಾಫಿ ಕುಡಿಯುತ್ತ ಕೇಳಿದೆ: ‘ಕ್ಲಚ್ ಹೋದರೆ ಕೊಡ್ತಾರಾ?’

‘ಇಲ್ಲ. ಸವೆಯೋ ಭಾಗ.’

‘ಬ್ರೇಕು?’

‘ಅದೂ ಸವೆಯೋದೇ.’

‘ಬ್ಯಾಟರಿ, ಟೈರು?’

ನನ್ನ ಕಡೆ ಮರುಕದಿಂದ ನೋಡಿದ.

‘ರಬ್ಬರು, ಪೈಪು?’

‘ಪುಟ ಒಂಬತ್ತು. ಇಲ್ಲ.’

‘ಮತ್ತೇನಯ್ಯಾ ಕೊಡ್ತಾರೆ?’

ಬಹಳ ಹೊತ್ತು ಪುಟ ತಿರುಗಿಸಿ, ‘ಕ್ರ್ಯಾಂಕ್‌ಶಾಫ್ಟ್’ ಅಂದ.

‘ಅದು ಮುರಿಯುತ್ತಾ?’

‘ಎಲ್ಲಿ ಮುರಿಯುತ್ತೆ, ಅದು ಮುರಿಯೋದೇ ಇಲ್ಲ’ ಅಂದ ಹೆಮ್ಮೆಯಿಂದ.

ಕಾರಿನ ಒಳಗೆ ಕೂತರೆ ಬೇರೊಂದು ಅಧ್ಯಾಯ. ಆ ಕಾಲದ ಇಟಲಿಯ ಕಾರುಗಳ ಸ್ವಿಚ್ಚುಗಳಿಗೆ ಮೆತ್ತನೆಯದೊಂದು ಲೇಪ ಕೊಡುತ್ತಿದ್ದರು. ಮುಟ್ಟಿದರೆ ರೇಷ್ಮೆಯ ಹಾಗೆ ಇರಲಿ ಅಂತ. ವರ್ಷಗಳು ಕಳೆದು, ಬಿಸಿಲು ತಿಂದು, ಅದು ಕರಗಿ ಅಂಟಾಗುತ್ತದೆ. ಎಸಿ ಹಾಕಲು ಹೋದ ನನ್ನ ಬೆರಳು ಸ್ವಿಚ್ಚಿಗೆ ಹತ್ತಿಕೊಂಡಿತು, ಬಿಡಿಸಿದಾಗ ಬೆರಳ ತುದಿ ಕಪ್ಪಾಗಿತ್ತು. ಹಿಂದಿನ ಸೀಟಿಲ್ಲದ ಕಾರಿನ ಹೊರಗೆ ನಿಂತಿದ್ದ ನಾದಿನಿ, ‘ಭಾವಾ, ಹಲಸಿನ ಹಣ್ಣು ಬಿಡಿಸೋವಾಗ ಹಚ್ಕೊಳ್ತೀವಲ್ಲ ಹಾಗೆ, ಕೈಗೆ ಕೊಬ್ಬರಿ ಎಣ್ಣೆ ಹಚ್ಕೊಂಡು ಮುಟ್ಟಿ’ ಎಂದಳು. ಷಡ್ಡಕ ನಗಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿದರೆ ವಾರಂಟಿಗೆ ಧಕ್ಕೆಯಾಗುತ್ತದೆಯೇ ಅಂತ ಯೋಚಿಸುತ್ತಿದ್ದನೆಂದು ಕಾಣುತ್ತದೆ.

ಆ ಮಹಾತಾಯಿಯ ಪಾತ್ರವನ್ನು ಇಲ್ಲಿ ಬರೆಯದೆ ಬಿಟ್ಟರೆ ಪಾಪ ಸುತ್ತಿಕೊಳ್ಳುತ್ತದೆ. ರಸ್ತೆಯ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುತ್ತದೆ. ನಮ್ಮ ಬಡಾವಣೆಯ ಹಂಪುಗಳು ಆ ಪುಸ್ತಕ ಓದಿಲ್ಲ. ಒಂದೊಂದು ಹಂಪು ಬಂದಾಗಲೂ ನಾದಿನಿ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕಾರಿನ ಹೊಟ್ಟೆ ನೋಡುತ್ತ, ‘ಬನ್ನಿ... ಬನ್ನಿ... ಎರಡು ಬೆರಳಿದೆ... ಓರೆ ಮಾಡ್ಕೊಳ್ಳಿ...’ ಅನ್ನುತ್ತಾಳೆ. ಹಿಂದೆ ನಿಂತ ಆಟೋದವರು ಹಾರ್ನ್ ಹೊಡೆಯುವುದಿಲ್ಲ, ಮೊಬೈಲ್ ತೆಗೆಯುತ್ತಾರೆ. ಮನೆಯಿಂದ ಮುಖ್ಯರಸ್ತೆಗೆ ಐದು ಹಂಪು. ಅಷ್ಟರಲ್ಲಿ ಅವಳು ಅರ್ಧ ದಾರಿ ನಡೆದೇ ಮುಗಿಸಿರುತ್ತಾಳೆ.

ನಂಬರ್ ಪ್ಲೇಟು ಹೊರ ರಾಜ್ಯದ್ದು, ಅದೊಂದು ಭಯ ಬೇರೆ. 20 ಲಕ್ಷ ಮೀರಿದ ಕಾರಿಗೆ ನಮ್ಮಲ್ಲಿ ಆಜೀವ ತೆರಿಗೆಯೇ ಶೇ. 18, ಅದರ ಮೇಲೆ ಸೆಸ್ಸು. 2025ರ ಜುಲೈನಲ್ಲಿ ಮಹಾರಾಷ್ಟ್ರದ ನೋಂದಣಿಯ ಫೆರಾರಿಯೊಂದರಿಂದ ಬೆಂಗಳೂರಿನ ಸಾರಿಗೆ ಇಲಾಖೆ ಸುಮಾರು 1.42 ಕೋಟಿ ರೂಪಾಯಿ ತೆರಿಗೆ ಕಟ್ಟಿಸಿಕೊಂಡ ಸುದ್ದಿಯ ತುಣುಕು ಅವನ ಪರ್ಸಿನಲ್ಲಿ ಹೆಂಡತಿಯ ಫೋಟೋದ ಹಿಂದೆ ಇತ್ತು. ಮರುವಾರವೇ ಹೋಗಿ ತೆರಿಗೆ ಕಟ್ಟಿ ಬಂದ. ಕೊತ್ತಂಬರಿಗೆ ಚೌಕಾಸಿ ಮಾಡುವವನು ಸರ್ಕಾರದ ಮುಂದೆ ತೆಪ್ಪಗೆ ನಿಂತದ್ದನ್ನು ನಾನು ಕಣ್ಣಾರೆ ನೋಡಿದೆ.

ಒಂದೇ ಒಂದು ಸಲ ನನ್ನನ್ನು ಸವಾರಿಗೆ ಕರೆದೊಯ್ದ. ಭಾನುವಾರ ಬೆಳಗಿನ ಐದೂವರೆ, ನೆಲಮಂಗಲದ ಕಡೆಗೆ. ಗಂಟೆಗೆ 300ರ ಮೇಲೆ ಹೋಗಬಲ್ಲ ಕಾರು. ನಾವು 60ರಲ್ಲಿ ಹೋದೆವು. ರೇಡಿಯೊ ಇಲ್ಲ, ಮಾತಿಲ್ಲ, ಸಂಗೀತ ಕಛೇರಿಯಲ್ಲಿ ಅಪಸ್ವರ ಹುಡುಕುವವನ ಹಾಗೆ ಕತ್ತು ಓರೆ ಮಾಡಿ ಆಲಿಸುತ್ತಿದ್ದ. ಹೂಕೋಸು ತುಂಬಿದ ಟಾಟಾ ಏಸ್ ಒಂದು ನಮ್ಮನ್ನು ಹಿಂದೆ ಹಾಕಿತು. ಅದರ ಹುಡುಗ ಕೈ ಬೀಸಿದ. ‘ಕೇಳಿಸ್ತಾ? ಟಕ್ ಅಂತು!’ ಅಂದ ಷಡ್ಡಕ. ಅವತ್ತು ನನಗೂ ಕೇಳಿಸಿತು.

ಸರ್ವಿಸಿನವರು ಕಾರು ಎತ್ತಿ ನಿಲ್ಲಿಸಿ ರೋಗ ಹೇಳಿದರು: ಹಿಂದಿನ ಎಡ ಚಕ್ರದ ಸಸ್ಪೆನ್ಷನ್ ತೋಳಿನಲ್ಲಿ ಒಂದು ಬುಷ್ ಸವೆದಿದೆ.

ಬುಷ್ಷು! ಹೇಳಿದ್ದು ಯಾರಿಗೆ? ಇಪ್ಪತ್ತೆಂಟು ವರ್ಷದಿಂದ ಬುಷ್ಷನ್ನೇ ಮಾಡಿ, ಬುಷ್ಷಿನಿಂದಲೇ ಮನೆ ಕಟ್ಟಿ, ಮಗಳ ಮದುವೆ ಮಾಡಿದವನಿಗೆ. ಅವನ ಮುಖ ಅರಳಿತು. ಬುಷ್ ಬಿಡಿಯಾಗಿ ಬರುವುದಿಲ್ಲ, ಇಡೀ ತೋಳನ್ನೇ ತರಿಸಬೇಕು, ಕಸ್ಟಮ್ಸ್ ಎಲ್ಲ ಸೇರಿ ಎರಡು ಲಕ್ಷದ ಎಂಬತ್ತು ಸಾವಿರ ಆಗಬಹುದು ಅಂದಾಗ ಅರಳಿದ ಮುಖ ಹಾಗೇ ನಿಂತಿತು. ಕಿಸೆಯಿಂದ ವರ್ನಿಯರ್ ಕ್ಯಾಲಿಪರ್ ತೆಗೆದ. ಅಳೆಯುವುದಕ್ಕೆ ಯಾವ ವಾರಂಟಿಯೂ ಅಡ್ಡ ಬರುವುದಿಲ್ಲ. ಹೊರ ವ್ಯಾಸ, ಒಳ ವ್ಯಾಸ, ಉದ್ದ, ಮೂರನ್ನೂ ಅಂಗೈ ಮೇಲೆ ಬರೆದುಕೊಂಡು ಪೀಣ್ಯಕ್ಕೆ ಹೋದ.

ಆ ರಾತ್ರಿ ತಾನೇ ಲೇತಿನ ಮುಂದೆ ನಿಂತ. ಒಳಗೆ ಉಕ್ಕಿನ ಸ್ಲೀವು, ಹೊರಗೆ ಪಾಲಿಯುರಿಥೇನ್. ಮರುದಿನ ನನ್ನ ಅಂಗೈಯಲ್ಲಿ ಇಟ್ಟ. ಹೆಬ್ಬೆರಳಿಗಿಂತ ತುಸು ದಪ್ಪ, ಇನ್ನೂ ಕಟಿಂಗ್ ಆಯಿಲ್ ವಾಸನೆ, ಅಂಚಿನಲ್ಲಿ ಒಂದು ಕೂದಲಷ್ಟೂ ಬರ್ ಇಲ್ಲ. ‘ನೂರಾ ಅರವತ್ತು ರೂಪಾಯಿ, ಲೇಬರ್ ಸೇರಿ’ ಅಂದ. ಇಟಲಿಯವರು ನೋಡಿದ್ದರೆ ಆರ್ಡರ್ ಕೊಡುತ್ತಿದ್ದರು.

ಆದರೆ ಹಾಕುವ ಹಾಗಿಲ್ಲ. ಪುಟ ಹದಿಮೂರು: ಮಾನ್ಯತೆಯಿಲ್ಲದ ಭಾಗವನ್ನು ಮಾನ್ಯತೆಯಿಲ್ಲದವರು ಅಳವಡಿಸಿದರೆ ಇಡೀ ವಾರಂಟಿ ರದ್ದು. ಎಂದೂ ಮುರಿಯದ ಆ ಕ್ರ್ಯಾಂಕ್‌ಶಾಫ್ಟಿನ ಮೇಲಿನ ಆಸೆ ಬಿಡಲಾರ. ನೂರಾ ಅರವತ್ತರ ಬುಷ್ ಇರುವಾಗ ಎರಡು ಲಕ್ಷದ ಎಂಬತ್ತು ಸಾವಿರ ಕೊಡಲಾರ. ಹೀಗಾಗಿ ಏಳು ತಿಂಗಳು ಆ ಬುಷ್ ಅವನ ಅಂಗಿಯ ಕಿಸೆಯಲ್ಲಿ ಪೆನ್ನಿನ ಪಕ್ಕ ಕೂತಿತು. ಮದುವೆ, ನಾಮಕರಣ, ತಿಥಿ, ಎಲ್ಲಿಗೆ ಹೋದರೂ ಜೊತೆಗೆ. ಮಾತಿನ ನಡುವೆ ತೆಗೆದು ಬೆರಳಲ್ಲಿ ತಿರುಗಿಸುತ್ತಿದ್ದ. ಮೊದಲ ವರ್ಷ ವಾರಂಟಿ ಮುಗಿದರೆ ಗತಿಯೇನೆಂದು ನಿದ್ದೆಗೆಟ್ಟವನು ಈಗ ಕ್ಯಾಲೆಂಡರಿನಲ್ಲಿ ದಿನ ಹೊಡೆದುಹಾಕುತ್ತ ಅದು ಮುಗಿಯುವುದನ್ನೇ ಕಾಯತೊಡಗಿದ.

ನವೆಂಬರ್ 30ರ ರಾತ್ರಿ ಹನ್ನೆರಡು ದಾಟಿ ಐದು ನಿಮಿಷಕ್ಕೆ ನನ್ನ ಫೋನು ಬಡಿದುಕೊಂಡಿತು. ಸಾವಿನ ಸುದ್ದಿಯೇ ಇರಬೇಕೆಂದು ಎದ್ದೆ. ‘ಮುಗೀತು’ ಅಂದ. ‘ಯಾರಪ್ಪಾ?’ ಅಂದೆ. ‘ವಾರಂಟಿ. ಬೇಗ ಬಾ, ಟಾರ್ಚ್ ಹಿಡಿಯೋಕೆ ಒಬ್ಬ ಬೇಕು.’

ಬೇಸ್‌ಮೆಂಟಿನಲ್ಲಿ ಆಗಲೇ ವರ್ಕ್‌ಶಾಪಿನ ಜಾಕು, ವೈಸು, ಸ್ಪ್ಯಾನರುಗಳ ಪೆಟ್ಟಿಗೆ ಬಂದಿಳಿದಿದ್ದವು. ಬನಿಯನ್ನು, ಲುಂಗಿಯಲ್ಲಿ ಕೋಟಿ ಬೆಲೆಯ ಕಾರಿನ ಕೆಳಗೆ ತೂರಿದವನ ಕಾಲು ಮಾತ್ರ ನನಗೆ ಕಾಣುತ್ತಿತ್ತು. ಎರಡು ವರ್ಷದಲ್ಲಿ ಅವನು ಆ ಕಾರಿನ ಜೊತೆ ಅಷ್ಟು ಖುಷಿಯಾಗಿದ್ದುದನ್ನು ನಾನು ನೋಡಿರಲಿಲ್ಲ. ಒಳಗಿನಿಂದ ಸಿಳ್ಳೆ ಕೇಳುತ್ತಿತ್ತು. ಒಂದೂವರೆ ಗಂಟೆಯಲ್ಲಿ ಬುಷ್ ಕೂತಿತು, ಬೋಲ್ಟು ಬಿಗಿಯಾಯಿತು, ಚಕ್ರ ನೆಲ ಮುಟ್ಟಿತು.

ಇಬ್ಬರೂ ಹತ್ತಿದೆವು. ಬೇಸ್‌ಮೆಂಟಿನ ಕಂಬಗಳ ನಡುವೆ ಎರಡು ಸುತ್ತು, ಆಮೇಲೆ ಗೇಟಿನ ಹತ್ತಿರದ ಹಂಪು. ನಿದ್ದೆಗಣ್ಣಿನ ವಾಚ್‌ಮನ್ ನಾದಿನಿಯ ಕೆಲಸ ತಾನೇ ಮಾಡಿದ. ಹಂಪು ಹತ್ತಿದೆವು, ಇಳಿದೆವು. ಟಕ್ ಇಲ್ಲ. ಇನ್ನೊಂದು ಸಲ. ಇಲ್ಲ. ನಾನು ಅವನ ಬೆನ್ನು ತಟ್ಟಿದೆ.

ಅವನು ಎಂಜಿನ್ ಆರಿಸಲಿಲ್ಲ. ಸ್ಟಿಯರಿಂಗ್ ಮೇಲೆ ಗ್ರೀಸ್ ಕೈ ಇಟ್ಟುಕೊಂಡೇ ಕತ್ತು ಮೆಲ್ಲಗೆ ಬಲಕ್ಕೆ ಓರೆಯಾಯಿತು, ತೋರುಬೆರಳು ಮೇಲೆದ್ದಿತು.

‘ಶ್... ಬಲಗಡೆ, ಮುಂದೆ. ಇಷ್ಟು ದಿನ ಅದರ ಗಲಾಟೇಲಿ ಇದು ಕೇಳಿಸ್ತಾನೇ ಇರಲಿಲ್ಲ.’