ಹನ್ನೊಂದು ತಿಂಗಳ ಮಹಾರಾಜರು

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇವರು ಸಿಗುತ್ತಾರೆ. ಮೂವತ್ತು-ನಲವತ್ತರ ಸೈಟು. ಕೆಳಗೆ ತಾವು, ಮೇಲಿನ ಎರಡು ಅಂತಸ್ತು ಬಾಡಿಗೆಗೆ, ತಾರಸಿಯ ಶೀಟ್ ಮನೆ ಬ್ಯಾಚುಲರ್‌ಗೆ, ಅದೂ ‘ಒಳ್ಳೆ ಹುಡುಗನಾದರೆ’. ಮನೆಯವರಿಟ್ಟ ಹೆಸರು ಏನೇ ಇರಲಿ, ಬೀದಿಗೆಲ್ಲ ಇವರು ‘ಓನರ್ ಅಂಕಲ್’.

ನಾವು ಮನೆ ನೋಡುವುದು ಆಮೇಲೆ, ಮೊದಲು ಅವರು ನಮ್ಮನ್ನು ನೋಡುತ್ತಾರೆ. “ಎಲ್ಲಿ ಕೆಲಸ? ಊರ್ ಯಾವ್ದು? ನಾನ್‌ವೆಜ್ ಮಾಡ್ತೀರಾ? ನೆಂಟರು ಬರ್ತಾರಾ? ಬಂದ್ರೆ ಹೋಗ್ತಾರಾ?” ಹೆಣ್ಣು ನೋಡಲು ಬಂದವರೂ ಇಷ್ಟು ಕೇಳುವುದಿಲ್ಲ.

ಪಾಸಾದರೆ ಅಗ್ರಿಮೆಂಟು. ಅದು ಹನ್ನೊಂದೇ ತಿಂಗಳಿಗೆ. ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಅಂಕಲ್ಲಿಗೆ ಬ್ರಿಟಿಷರ ಕಾಲದ ಆ ಕಾಯ್ದೆ ಬಾಯಿಪಾಠ. ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತುವುದನ್ನು ತಪ್ಪಿಸಿಕೊಳ್ಳಲು ಎಷ್ಟು ಬೇಕೋ ಅಷ್ಟು. ಹೀಗೆ ಹನ್ನೊಂದು ಹನ್ನೊಂದು ತಿಂಗಳಂತೆ ಎಂಟು ವರ್ಷದಿಂದ ಇರುವ ಸಂಸಾರಗಳೂ ಉಂಟು. ಪ್ರತಿ ಸಲ ಹೊಸ ಸ್ಟಾಂಪ್ ಪೇಪರು, ಹೊಸ ಬಾಡಿಗೆ, ಹಳೆಯ ನಲ್ಲಿ.

ಕರಾರಿನ ಷರತ್ತುಗಳನ್ನು ಟೈಪಿಸ್ಟ್ ಬರೆಯುತ್ತಾನೆ. ಅಸಲಿ ಷರತ್ತುಗಳು ಬರುವುದು ಬಾಯಿಮಾತಿನಲ್ಲಿ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ರಾತ್ರಿ ಹತ್ತರ ಮೇಲೆ ಗೇಟು ಸದ್ದು ಮಾಡುವಂತಿಲ್ಲ. ವಾಷಿಂಗ್ ಮೆಷಿನ್ನು ವಾರಕ್ಕೆ ಎರಡೇ ಸಲ. ಮೂರನೆಯ ಸಲಕ್ಕೆ ಸಂಪಿನ ಮುಚ್ಚಳ ತೆಗೆದು ಇಣುಕಿ ನೋಡುತ್ತಾ ನಿಟ್ಟುಸಿರು ಬಿಡುತ್ತಾರೆ, ಮೇಲಿನವರಿಗೆ ಕೇಳುವಷ್ಟು ಜೋರಾಗಿ.

“ಇದಕ್ಕೆಲ್ಲ ಕಾನೂನು ಇಲ್ಲವೇ?” ಅಂದರೆ, ಇದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಆದರೆ ಬೆಂಗಳೂರಿನಂಥ ಊರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ ಅದು ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಈಗ ಆ ದುಡ್ಡಿಗೆ ಕಾರು ನಿಲ್ಲಿಸಲು ಜಾಗ ಸಿಕ್ಕರೆ ಪುಣ್ಯ. ಹಾಗಾಗಿ ಅಂಕಲ್ಲೇ ಶಾಸಕಾಂಗ, ಅಂಕಲ್ಲೇ ನ್ಯಾಯಾಂಗ. ಮೇಲ್ಮನವಿ ಆಂಟಿಯ ಬಳಿ.

ಇಷ್ಟು ಬಿಗಿಗೆ ಕಾರಣವೂ ಇದೆ. ಅವರಪ್ಪನ ಕಾಲದಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಇತ್ತು. ಪೇಟೆಯ ಅಂಗಡಿ ಮಳಿಗೆಗೆ ಬಂದ ಬಾಡಿಗೆದಾರ ಅರವತ್ತು ರೂಪಾಯಿ ಕೊಡುತ್ತಾ ಅಲ್ಲೇ ಮಕ್ಕಳ ಮದುವೆ ಮಾಡಿದ, ಮೊಮ್ಮಕ್ಕಳನ್ನು ಗಲ್ಲಾದ ಮೇಲೆ ಕೂರಿಸಿದ. ಅಪ್ಪ ಕೋರ್ಟಿಗೆ ಅಲೆದಲೆದೇ ತೀರಿಕೊಂಡರು. ಅಂದಿನಿಂದ ಅಂಕಲ್ಲಿಗೆ ಬಾಡಿಗೆದಾರ ಎಂದರೆ ಬಾಡಿಗೆ ಕೊಡುವವನಲ್ಲ, ಹೋಗದೆ ಉಳಿಯಬಹುದಾದವನು. ಅದಕ್ಕೇ ಹತ್ತು ತಿಂಗಳ ಅಡ್ವಾನ್ಸು.

ಒಮ್ಮೆ ಮನೆ ನೋಡಲು ಬಂದ ಲಾ ಓದಿದ ಹುಡುಗಿ, “ಅಂಕಲ್, ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಪ್ರಕಾರ ಎರಡೇ ತಿಂಗಳ ಅಡ್ವಾನ್ಸು. ಮನೆಯೊಳಗೆ ಬರೋಕೂ ಇಪ್ಪತ್ನಾಲ್ಕು ಗಂಟೆ ಮುಂಚೆ ತಿಳಿಸ್ಬೇಕು” ಅಂದಳು. ಅಂಕಲ್ ಕೋಪಿಸಿಕೊಳ್ಳಲಿಲ್ಲ. “ಅದನ್ನ ರಾಜ್ಯ ಒಪ್ಕೊಂಡ್ರೆ ತಾನೇ, ಮಗಳೇ? ಈಗ ನಿಂಗೆ ಮನೆ ಒಪ್ಗೇನಾ ಹೇಳು” ಅಂದರು. ಹುಡುಗಿ ಒಪ್ಪಿದಳು. ಕಾವೇರಿ ನೀರಿತ್ತು, ಮೆಟ್ರೋ ಹತ್ತಿರವಿತ್ತು.

ಖಾಲಿ ಮಾಡುವ ದಿನ ಅಂಕಲ್ ಟಾರ್ಚ್ ಹಿಡಿದು ಬರುತ್ತಾರೆ. ಬಳಕೆಯಿಂದ ಸಹಜವಾಗಿ ಸವೆದದ್ದಕ್ಕೆ ಬಾಡಿಗೆದಾರ ಹೊಣೆಯಲ್ಲ ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಹೇಳಿದೆ. ಆದರೆ ಆ ವರ್ಷದ ಪಾಠವನ್ನು ಇವರು ಓದಿಲ್ಲ. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಮುರಿದುಕೊಂಡೇ ಲೆಕ್ಕ ಶುರು. ಆಫೀಸಿಗೆ ಬಾಡಿಗೆ ರಸೀದಿ ಕೇಳಿದರೆ, “ರಸೀದಿ ಎಷ್ಟು ಬೇಕಾದ್ರೂ ಬರ್ಕೊಡ್ತೀನಿ, ಪ್ಯಾನ್ ನಂಬರ್ ಮಾತ್ರ ಕೇಳ್ಬೇಡಿ.”

ಹಾಗಂತ ಕೆಟ್ಟವರಲ್ಲ. ಯುಗಾದಿಗೆ ಎಲ್ಲ ಮಹಡಿಗೂ ಒಬ್ಬಟ್ಟು ಹೋಗುತ್ತದೆ. ಮೇಲಿನ ಮನೆಯ ಮಗುವಿಗೆ ನಡುರಾತ್ರಿ ಜ್ವರ ಏರಿದಾಗ ಪಂಚೆಯಲ್ಲೇ ಕಾರು ತೆಗೆದವರು ಇವರೇ. ಅದೇ ಮನೆಯವರು ಖಾಲಿ ಮಾಡಿದಾಗ ನಾಲ್ಕು ಮೊಳೆತೂತಿಗೆ ದುಡ್ಡು ಹಿಡಿದವರೂ ಇವರೇ.

ಈಚೆಗೆ ಮಗ ಜರ್ಮನಿಗೆ ಹೋಗಿ ಅಲ್ಲಿ ಬಾಡಿಗೆ ಮನೆ ಹಿಡಿದಿದ್ದಾನೆ. ಅಂಕಲ್ ಗೇಟಿನಲ್ಲಿ ನಿಂತು ಬಂದವರಿಗೆಲ್ಲ ವರ್ಣಿಸುತ್ತಾರೆ: “ಏನ್ ದೇಶ ರೀ ಅದು! ಮೂರು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ಕೇಳೋ ಹಾಗಿಲ್ಲ. ಅದನ್ನೂ ಓನರ್ ಬೇರೆ ಖಾತೇಲಿ ಬಡ್ಡಿಗೆ ಇಡ್ಬೇಕು. ಮನಸ್ಸಿಗೆ ಬಂದ ಹಾಗೆ ಮನೆಯೊಳಗೆ ನುಗ್ಗೋ ಹಾಗಿಲ್ಲ. ಕಾನೂನು ಅಂದ್ರೆ ಹಂಗಿರ್ಬೇಕು!”

ಎರಡನೇ ಮಹಡಿಯವರು ಮೆಲ್ಲಗೆ, “ಹಾಗಾದ್ರೆ ಇಲ್ಲೂ ಹಂಗೇ ಮಾಡ್ಬಹುದಲ್ವಾ, ಅಂಕಲ್?” ಅಂದರು.

“ಇಲ್ಲಾ? ಅಲ್ಲಿ ಬಾಡಿಗೆಗೆ ಇರೋರು ಒಳ್ಳೆ ಜನ ಕಣ್ರೀ. ನಮ್ಮ ಹುಡುಗನೇ ಇದಾನಲ್ಲ!”