ಒಂದೇ ತಪ್ಪಿಗೆ ಮೂರು ನ್ಯಾಯ

“ಅಲ್ಲ ತಮ್ಮಾ, ತಪ್ಪು ಒಂದೇ ಅಂತಿ. ಮತ್ತ ಒಮ್ಮೆ ಸುಮ್ನಿರ್ತದ, ಒಮ್ಮೆ ಗೊಣಗ್ತದ, ಒಮ್ಮೆ ಪೂರಾ ಕೆಲ್ಸಾನೇ ಬಂದ್ ಮಾಡ್ತದ. ಇದ್ಯಾವ ನ್ಯಾಯ?”

ಕಂಪೌಂಡ್ ಗೋಡೆಯ ಆಚೆಯಿಂದ ಕಾಕಾ ಕೇಳಿದ್ದು ಸರಿಯಾದ ಪ್ರಶ್ನೆ. ಕಾಕಾ ಔರಾದ್ ಕಡೆಯವರು, ಬೀದರಿಗೆ ಬಂದು ಕಿರಾಣಿ ಅಂಗಡಿ ಇಟ್ಟವರು. ಅವರ ಅಣ್ಣನ ಮಗಳು ಭಾಲ್ಕಿಯಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ರಜೆಗೆ ರೈಲು ಹತ್ತಿ ಇಲ್ಲಿಗೆ ಬಂದರೂ ಲ್ಯಾಪ್‌ಟಾಪ್ ಮುಚ್ಚುವವಳಲ್ಲ. ಆಕೆಯ ಕೈಯಲ್ಲಿರುವುದು ಸೀನಿಯರ್‌ಗಳು ಕೊಟ್ಟ ಹಳೆಯ ನೋಟ್ಸು. ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುವಿನ 2018ರ ಸ್ಕೀಮಿನಲ್ಲಿ ಆರನೇ ಸೆಮಿಸ್ಟರಿಗೆ ವೆಬ್ ಟೆಕ್ನಾಲಜಿ ಪೇಪರ್ ಇತ್ತು, ಅದರಲ್ಲಿ ಪಿಎಚ್‌ಪಿಯೂ ಅದರ ಎರರ್ ಹ್ಯಾಂಡ್ಲಿಂಗೂ ಪಾಠವಾಗಿದ್ದವು. ಹಾಗಾಗಿ ಕಾಕಾ ಕೇಳಿದ ಪಿಎಚ್‌ಪಿಯ ಈ ನಡವಳಿಕೆ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರು ಎದುರಿಸುತ್ತ ಬಂದ ಸಂಗತಿ.

ರಾಸ್ಮಸ್ ಲೆರ್ಡಾರ್ಫ್ ತನ್ನ ಸ್ವಂತ ವೆಬ್ ಪುಟಕ್ಕಾಗಿ ಬರೆದುಕೊಂಡು 1995ರಲ್ಲಿ ಲೋಕಕ್ಕೆ ಬಿಟ್ಟ ಭಾಷೆ ಪಿಎಚ್‌ಪಿ. ವರ್ಡ್‌ಪ್ರೆಸ್ ನಡೆಯುವುದು ಅದರಲ್ಲಿ, ಕನ್ನಡ ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿಯೂ ಅದರಲ್ಲೇ. ಇಷ್ಟು ಭಾರ ಹೊತ್ತ ಭಾಷೆ ತಪ್ಪನ್ನು ಹೇಗೆ ತಿಳಿಸಿಕೊಡುತ್ತದೆ ಎನ್ನುವುದು ಸಣ್ಣ ಮಾತಲ್ಲ.

ಹುಡುಗಿ ಮಾಡಿದ್ದು ಇಷ್ಟೇ. ಫೈಲಿನ ಹೆಸರಿನ ಕೊನೆಗೆ ಪಿಡಿಎಫ್ ಇದೆಯೋ ಜೆಪೆಗ್ ಇದೆಯೋ ತಿಳಿಯಬೇಕು. ಎಕ್ಸ್‌ಪ್ಲೋಡ್ ಎನ್ನುವ ಫಂಕ್ಷನ್ ಹೆಸರನ್ನು ಚುಕ್ಕೆ ಇದ್ದಲ್ಲಿ ಒಡೆದು ಪಟ್ಟಿ ಮಾಡಿ ಕೊಡುತ್ತದೆ. ಎಂಡ್ ಎನ್ನುವುದು ಆ ಪಟ್ಟಿಯ ಕೊನೆಯದನ್ನು ಹೇಳುತ್ತದೆ. ಒಂದರ ಹೊಟ್ಟೆಯಲ್ಲಿ ಇನ್ನೊಂದನ್ನಿಟ್ಟು ಒಂದೇ ಸಾಲಿನಲ್ಲಿ ಮುಗಿಸಿದಳು. ಉತ್ತರ ಸರಿಯಾಗಿಯೇ ಬಂತು. ಅದರ ಜೊತೆಗೆ ‘ರೆಫರೆನ್ಸ್ ಮೂಲಕ ವೇರಿಯಬಲ್ ಮಾತ್ರ ಕೊಡತಕ್ಕದ್ದು’ ಎಂಬ ನೋಟಿಸೂ ಬಂತು.

“ರೆಫರೆನ್ಸ್ ಅಂದ್ರ?”

“ನಿಮ್ಮ ಉದ್ರಿ ವಹಿ ಇದ್ದಂಗ ಕಾಕಾ. ನೀವು ವಹೀನೇ ನನ್ನ ಕೈಗೆ ಕೊಟ್ರಿ ಅಂದ್ರ ನಾ ಬರ್ದದ್ದು ಅದರಾಗೇ ಉಳಿತದ. ಇದು ರೆಫರೆನ್ಸ್. ಲೆಕ್ಕ ಚೀಟಿಗಿ ಇಳಿಸಿ ಕೊಟ್ರಿ ಅಂದ್ರ ನಾ ಚೀಟಿ ಮ್ಯಾಲ ಏನ್ ಬರದ್ರೂ ವಹಿ ಬದಲಾಗಲ್ಲ. ಎಂಡ್‌ಗ ವಹೀನೇ ಬೇಕು, ಯಾಕಂದ್ರ ಓದ್ತಾ ಓದ್ತಾ ಎಲ್ಲಿಗಿ ಬಂದೀನಿ ಅಂತ ಅದರಾಗೇ ಗುರ್ತು ಹಾಕ್ತದ. ಪೋರಿ ಕೊಟ್ಟಿದ್ದು ಚೀಟಿ. ಅದಕ್ಕ ಹೆಸರಿಲ್ಲ, ಇಡ್ಲಿಕ್ಕ ಜಾಗಿಲ್ಲ.”

ಇಲ್ಲಿಯವರೆಗೆ ಪಿಎಚ್‌ಪಿ ಹೇಳಿದ್ದು ಸರಿಯೇ. ತೊಡಕು ಮುಂದಿದೆ. ಫಂಕ್ಷನ್ ಕೊಟ್ಟ ಪಟ್ಟಿಯ ಬದಲು ಅಲ್ಲೇ ಕೈಯಿಂದ ಬರೆದ ಪಟ್ಟಿಯನ್ನೋ, ಎರಡು ಪಟ್ಟಿ ಕೂಡಿಸಿದ ಲೆಕ್ಕವನ್ನೋ ಎಂಡ್‌ಗೆ ಕೊಟ್ಟು ನೋಡಿ. ನೋಟಿಸ್ ಗೀಟಿಸ್ ಇಲ್ಲ, ಪ್ರೋಗ್ರಾಂ ಅಲ್ಲಿಗೇ ನಿಲ್ಲುತ್ತದೆ. ಅದೂ ಹೆಸರಿಲ್ಲದ ಚೀಟಿ, ಇದೂ ಹೆಸರಿಲ್ಲದ ಚೀಟಿ. ಇನ್ನು ಅರೇ ಮಲ್ಟಿಸಾರ್ಟ್ ಎನ್ನುವ ಫಂಕ್ಷನ್‌ಗೆ ಅದೇ ಚೀಟಿ ಕೊಟ್ಟರೆ ತುಟಿ ಬಿಚ್ಚುವುದಿಲ್ಲ. ‘ವಹಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆದೀತು’ ಎಂಬ ರಿಯಾಯಿತಿಯನ್ನು ಅದಕ್ಕೆ ಮೊದಲೇ ಕೊಟ್ಟಿದ್ದಾರೆ.

ಹಳೆಯ ನೋಟ್ಸಿನಲ್ಲಿ ಇನ್ನೊಂದು ಉಪಾಯವಿತ್ತು: ಒಳಗಿನ ಫಂಕ್ಷನ್ ಸುತ್ತ ಇನ್ನೊಂದು ಜೊತೆ ಕಂಸ ಹಾಕು, ನೋಟಿಸ್ ಬರುವುದಿಲ್ಲ. ಪಿಎಚ್‌ಪಿ 5ರಲ್ಲಿ ಇದು ಖರೇನೇ ನಡೆಯುತ್ತಿತ್ತು. ಕಂಸದಿಂದ ಅರ್ಥವೇನೂ ಬದಲಾಗದು, ಆದರೂ ಎಚ್ಚರಿಕೆ ಮಾಯ! 2015ರ ಡಿಸೆಂಬರಿನಲ್ಲಿ ಬಂದ ಪಿಎಚ್‌ಪಿ 7 ಆ ಕಳ್ಳದಾರಿಯನ್ನು ಮುಚ್ಚಿತು. ಅದಕ್ಕೂ ಮೊದಲು ಈ ಎಚ್ಚರಿಕೆ ‘ಸ್ಟ್ರಿಕ್ಟ್’ ಎಂಬ ಬೇರೆ ವರ್ಗದಲ್ಲಿತ್ತು. ‘ಎಲ್ಲ ಎರರ್ ತೋರಿಸು’ ಎಂದರೂ ಆ ವರ್ಗ ಅದರೊಳಗೆ ಸೇರಿದ್ದು 2012ರ 5.4ರಿಂದ ಈಚೆಗೆ. ಅಂದರೆ ಒಂದೇ ಸಾಲು ಒಬ್ಬರ ಕಂಪ್ಯೂಟರಿನಲ್ಲಿ ಮೌನ, ಇನ್ನೊಬ್ಬರ ಕಂಪ್ಯೂಟರಿನಲ್ಲಿ ಎಚ್ಚರಿಕೆ.

“ಉತ್ತರ ಸರಿ ಬಂದದಲ್ಲ, ನೋಟಿಸಿಗಿ ಯಾಕ ಅಂಜಬೇಕು?” ಎಂದರು ಕಾಕಾ.

ಅಂಜಬೇಕಾದ ಜಾಗ ಅದೇ. ಅಂಕಪಟ್ಟಿ ತಂದುಕೊಡುವ ಫಂಕ್ಷನ್ ಒಂದನ್ನು ಬರೆದು, ಅದರ ಫಲಿತವನ್ನು ನೇರವಾಗಿ ಸಾರ್ಟ್‌ಗೆ ಕೊಟ್ಟರೆ ಬರುವುದೂ ಇದೇ ನೋಟಿಸ್, ಅಕ್ಷರ ಅಕ್ಷರ ಇದೇ. ಆದರೆ ಇಲ್ಲಿ ಪಟ್ಟಿಯನ್ನು ಜೋಡಿಸಿದ ಕೆಲಸ ಚೀಟಿಯ ಜೊತೆಗೇ ಹಾಳಾಗುತ್ತದೆ, ಹುಡುಗಿಗೆ ಏನೂ ಸಿಗುವುದಿಲ್ಲ. ಕೊನೆಯದನ್ನು ಓದಿದಾಗ ನಷ್ಟವಿಲ್ಲ, ಜೋಡಿಸಿದಾಗ ಪೂರ್ತಿ ನಷ್ಟ. ಎರಡಕ್ಕೂ ಒಂದೇ ಧ್ವನಿ. ಮೊದಲನೆಯದರಲ್ಲಿ ‘ಇದನ್ನ ಲೆಕ್ಕಕ್ಕಿಡಬ್ಯಾಡ’ ಎಂದು ರೂಢಿ ಮಾಡಿಕೊಂಡವರು ಎರಡನೆಯದರಲ್ಲಿ ಬೀಳುತ್ತಾರೆ.

ನನಗೆ ಇದು ಮನಸ್ಸಿಗೆ ಹತ್ತುವುದು ಯಾಕೆಂದರೆ, ಬೆಂಗಳೂರಿನ ಕಂಪನಿಯಲ್ಲಿ ಸಂಶಯ ಬಂದರೆ ಪಕ್ಕದ ಕುರ್ಚಿಯಲ್ಲಿ ಕೇಳಲು ಒಬ್ಬರಿರುತ್ತಾರೆ. ಔರಾದಿನಲ್ಲಿ ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಭಾಲ್ಕಿಯ ಹಾಸ್ಟೆಲಿನಲ್ಲಿ ರಾತ್ರಿ ಒಬ್ಬಳೇ ಕೂತ ಹುಡುಗಿಗೆ ಎರರ್ ಸಂದೇಶವೇ ಮಾಸ್ತರ್. ಮಾಸ್ತರ್ ಇಂಗ್ಲಿಷಿನಲ್ಲಿ ಮಾತಾಡಿದರೂ ಕಷ್ಟಪಟ್ಟು ತಿಳಿದುಕೊಂಡಾಳು. ಇವತ್ತೊಂದು ನಾಳೆಯೊಂದು ಹೇಳಿದರೆ ಯಾವ ನಿಯಮವನ್ನು ಕಲಿಯಬೇಕು? ತಲೆ ನನ್ನದೇ ದಡ್ಡು ಎಂದು ಕೈಬಿಡುವ ಮಕ್ಕಳನ್ನು ನೋಡಿದ್ದೇನೆ. ದಡ್ಡತನ ಅವರದಲ್ಲ.

ಭಾಷೆ ಕಟ್ಟುವವರೂ ಸುಮ್ಮನೆ ಕೂತಿಲ್ಲ. 2018ರ 7.3ರಲ್ಲಿ ಪಟ್ಟಿಯ ಕೊನೆಯ ಕೀಲಿ ಹೇಳುವ ಫಂಕ್ಷನ್ ಬಂತು. 2025ರ 8.5ರಲ್ಲಿ ಅರೇ ಲಾಸ್ಟ್ ಬಂದು ಕೊನೆಯದನ್ನೇ ನೇರವಾಗಿ ಕೊಡುತ್ತಿದೆ. ಅದಕ್ಕೆ ವಹಿ ಬೇಕಿಲ್ಲ, ಚೀಟಿ ಸಾಕು. ಓದುವುದಷ್ಟೇ ಕೆಲಸವಾದರೆ ಮೂಲವನ್ನು ಕೇಳಬಾರದು ಎಂಬ ಈ ದಾರಿಯೇ ಸರಿಯಾದದ್ದು.

“ಹಂಗಾದ್ರ ಪೋರಿಗಿ ಏನ್ ಹೇಳ್ಲಿ?”

“ಒಳಗಿನ ಫಂಕ್ಷನ್ ಕೊಟ್ಟದ್ದು ಮೊದಲ ಒಂದು ವೇರಿಯಬಲ್‌ನಾಗ ಇಡು ಅನ್ರಿ, ಆಮ್ಯಾಲ ಎಂಡ್‌ಗ ಕೊಡು. ಒಂದ್ ಸಾಲು ಹೆಚ್ಚಾದ್ರ ಆಗ್ಲಿ. ಮುಂದ ಅಟ್ ಚಿಹ್ನೆ ಹಚ್ಚಿ ಎರರ್ ಬಾಯಿ ಮುಚ್ಚಿಸಬ್ಯಾಡ. ಕಲಿಯೋ ಕಂಪ್ಯೂಟರಿನ್ಯಾಗ ಎಲ್ಲಾ ಎರರ್ ಕಾಣೋಹಂಗ ಇಡು. ನಾಳಿ ಜೂನಿಯರ್‌ಗ ನೋಟ್ಸ್ ಕೊಡಾಗ ಆ ಎರಡ್ ಕಂಸದ ಸಾಲು ಹೊಡದ್ಹಾಕಿ, ಯಾಕ ಹೊಡದಿ ಅಂತ ಮಗ್ಗಲ್ದಾಗ ಕನ್ನಡದಾಗ ಬರಿ ಅನ್ರಿ.”